ಎಣ್ಣೆ ಹೊಡೆಯದ ಗಿಡ

"ಟೀಚರ, ಹುಳಾ ಎಲ್ಲಾ ಸತ್ತಾವ್ರೀ!"

ಸಮ್ಯಕ್ ಇನ್ನೂ ಹೆಗಲಿನ ಚೀಲ ಇಳಿಸಿರಲಿಲ್ಲ. ಕಿಟಕಿಕಟ್ಟೆಯ ಮೇಲಿದ್ದ ಗಾಜಿನ ಭರಣಿಗೆ ಮೂಗು ಹಚ್ಚಿ ನಿಂತಿದ್ದ. ಐದನೇ ತರಗತಿಯ ಮಕ್ಕಳೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ನೋಡತೊಡಗಿದರು.

ಅನುರಾಧಾ ಹೇಗೋ ನುಸುಳಿ ಮುಂದೆ ಬಂದಳು. ಭರಣಿಯ ತುಂಬ ಅವಳು ನಿನ್ನೆ ತಂದು ಹಾಕಿದ್ದ ನಿಂಬೆ ಎಲೆಗಳು ಇನ್ನೂ ಹಸಿರಾಗಿದ್ದವು. ಹುಳುಗಳು ಮಾತ್ರ ತಳದಲ್ಲಿ ಮುದುಡಿ ಬಿದ್ದಿದ್ದವು. ಒಂದೂ ಮಿಸುಕಲಿಲ್ಲ.

ಅವು ಸಮ್ಯಕ್‌ನ ಮನೆಯ ಹಿತ್ತಲಿನ ಕರಿಬೇವಿನ ಗಿಡದ ಹುಳುಗಳು. ಹುಳು ಗೂಡು ಕಟ್ಟುವುದು, ಗೂಡಿನಿಂದ ಚಿಟ್ಟೆ ಬರುವುದು, ಎಲ್ಲವನ್ನೂ ಕಣ್ಣಾರೆ ನೋಡೋಣ ಎಂದು ಮೃಣಾಲ ಟೀಚರು ಭರಣಿ ಇಟ್ಟಿದ್ದರು. ಇವಕ್ಕೆ ನಿಂಬೆ ಎಲೆಯೆಂದರೂ ಬಲು ಇಷ್ಟ ಎಂದು ಅವರು ಹೇಳಿದಾಗ ಎಲ್ಲರಿಗಿಂತ ಮೊದಲು ಮೇಲೆದ್ದದ್ದು ಅನುರಾಧಾಳ ಕೈ. "ನಮ್ಮ ತ್ವಾಟದಾಗ ನಿಂಬಿ ಗಿಡಾ ಬೇಕಾದಷ್ಟ ಅದಾವ್ರಿ ಟೀಚರ. ನಾ ತರ್ತೇನ್ರಿ!"

ಈಗ ಸಮ್ಯಕ್ ಅವಳತ್ತ ಬೆರಳು ತೋರಿಸಿದ. "ನಮ್ಮ ಕರಿಬೇವ ತಿನ್ನೂತನಾ ಆರಾಮ ಇದ್ವು. ಈಕಿ ಎಲಿ ಹಾಕಿದ ಮ್ಯಾಲೇ ಸತ್ತಾವ."

"ನಾ ಏನ ಮಾಡೇನಿ?" ಅನುರಾಧಾ ಭರಣಿಯತ್ತ ಕೈ ಚಾಚಿದಳು. "ಛಲೋ ಛಲೋ ಎಲಿ ಆರಿಸಿ ತಂದೇನಿ. ನೋಡ್ ಬೇಕಾದ್ರ. ಒಂದಕ್ಕೂ ತೂತಿಲ್ಲ!"

ಮೃಣಾಲ ಟೀಚರು ಆಗಷ್ಟೇ ವಿಜಯಪುರದ ಬಸ್ಸಿಳಿದು ಬಂದಿದ್ದರು. ಬಾಟಲಿಯ ನೀರು ಕುಡಿಯುವುದನ್ನೂ ಬಿಟ್ಟು ಭರಣಿ ಎತ್ತಿ ನೋಡಿದರು. ಒಂದು ಎಲೆಯನ್ನು ಚಿಮಟದಿಂದ ಹಿಡಿದು ಬೆಳಕಿಗೆ ಒಡ್ಡಿದರು.

"ಹೌದು, ಒಂದಕ್ಕೂ ತೂತಿಲ್ಲ. ಅನುರಾಧಾ, ನಿಮ್ಮ ತೋಟಕ್ಕ ಎಣ್ಣಿ ಯಾವಾಗ ಹೊಡದಿದ್ರು?"

ಅವರ ಊರು ಘೋಣಸಗಿಯಲ್ಲಿ ಕೀಟನಾಶಕಕ್ಕೆ ಯಾರೂ ಕೀಟನಾಶಕ ಎನ್ನುವುದಿಲ್ಲ. ಎಣ್ಣಿ ಎನ್ನುತ್ತಾರೆ.

"ಐತವಾರ ಹೊಡದಾರ್ರಿ. ಆದ್ರ ನಾ ತೊಳದ ತಂದೇನ್ರಿ ಟೀಚರ. ನಳದ ಕೆಳಗ ಹಿಡದು, ತಿಕ್ಕಿ ತಿಕ್ಕಿ ತೊಳದೇನ್ರಿ."

"ಕೆಲವು ಎಣ್ಣಿ ಎಲಿ ಮ್ಯಾಲಷ್ಟ ಇರೂದಿಲ್ಲ. ಒಳಗ ಇಳೀತಾವ. ಎಷ್ಟ ತೊಳದ್ರೂ ಒಳಗಿಂದು ಹೋಗೂದಿಲ್ಲ." ಟೀಚರು ಭರಣಿಗೆ ಮುಚ್ಚಳ ಹಾಕಿದರು. "ಮೊದಲ ಎಲ್ಲಾರೂ ಸಾಬಾಣ ಹಚ್ಚಿ ಕೈ ತೊಳಕೊಳ್ರಿ. ಅನುರಾಧಾ, ನೀ ಇನ್ನೊಮ್ಮೆ ತೊಳಕೋ. ಉಗುರಿನ ಸಂದಿ ಸುದ್ದಾ."

ನಳದ ಹತ್ತಿರ ಸಾಲು ನಿಂತಾಗ ಹಿಂದಿನಿಂದ ಸಮ್ಯಕ್ ಪಿಸುಗುಟ್ಟಿದ. "ಹುಳಾ ಕೊಂದಾಕಿ."

ಟೀಚರಿಗೆ ಕೇಳಿಸಿತು. "ಹಂಗ ಅನಬ್ಯಾಡ ಸಮ್ಯಕ್. ಆಕಿಗೆ ಗೊತ್ತಿದ್ದಿಲ್ಲ."

ಅನುರಾಧಾ ನೊರೆಯ ಕೈ ನೋಡುತ್ತ ನಿಂತಳು. ಅವನು ಬೈದದ್ದಕ್ಕಿಂತ ಟೀಚರು ಹೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಅಂದು ಸಂಜೆ ಅವಳು ಚಹಾ ಕುಡಿಯದೆ ತೋಟಕ್ಕೆ ಹೋದಳು. ಮೇಲಿನ ಹೊಲದಲ್ಲಿ ದ್ರಾಕ್ಷಿ, ಕೆಳಗೆ ನಿಂಬೆ, ನಡುವೆ ಬಾವಿ. ನಿಂಬೆಯ ಸಾಲುಗಳ ನಡುವೆ ನಡೆಯುತ್ತ ಎಲೆಗಳನ್ನು ಮುಟ್ಟದೆ ಬಗ್ಗಿ ಬಗ್ಗಿ ನೋಡಿದಳು. ಎಲ್ಲ ಎಲೆಗಳೂ ಇಸ್ತ್ರಿ ಮಾಡಿದ ಹಾಗೆ ಇದ್ದವು. ಹುಳು ಇರಲಿಲ್ಲ. ಚಿಟ್ಟೆಯೂ ಇರಲಿಲ್ಲ. ಇಷ್ಟು ವರ್ಷ ತಾನು ಇದನ್ನು ನೋಡಿಯೇ ಇರಲಿಲ್ಲವಲ್ಲ ಎನಿಸಿತು.

ಬಾವಿ ದಂಡೆಯಲ್ಲಿ ಅಜ್ಜ ಬಸಲಿಂಗಯ್ಯ ಪೈಪು ಸುತ್ತುತ್ತಿದ್ದ.

"ಅಜ್ಜಾ, ಮೊದಲ ನಮ್ಮ ತ್ವಾಟದಾಗ ಪಾತರಗಿತ್ತಿ ಇದ್ವೇನ?"

"ಇಲ್ಲದ ಏನ? ಇಲ್ಲೇ ರಾಡ್ಯಾಗ ಗುಂಪ ಗುಂಪ ಕುಂಡ್ರತಿದ್ವು. ನಿಮ್ಮಪ್ಪ ಸಣ್ಣಾಂವಿದ್ದಾಗ ಓಡಿ ಹೋಗಿ ಎಬ್ಬಸ್ತಿದ್ದ. ಒಮ್ಮೆ ಬಾವ್ಯಾಗ ಬೀಳಾಂವ ಸ್ವಲ್ಪದಾಗ ಉಳದಾನ."

"ಈಗ ಎಲ್ಲಿ ಹೋದ್ವು?"

"ಎಲ್ಯರ ಹೋಗಿರಬೇಕು," ಅಂದ ಅಜ್ಜ. "ಕೆಲಸದಾಗ ಅವನ್ನ ಯಾರ ನೋಡ್ಕೋತ ಕುಂಡ್ರತಾರ ಯವ್ವಾ?"

ಊಟಕ್ಕೆ ಕುಳಿತಾಗ ಅನುರಾಧಾ ಅಪ್ಪನ ಮುಂದೆ ಮಾತು ತೆಗೆದಳು. ಅಪ್ಪ ಸತೀಶಕುಮಾರ ಒಂದು ಕೈಯಲ್ಲಿ ರೊಟ್ಟಿ ಮುರಿಯುತ್ತ, ಇನ್ನೊಂದು ಕೈಯಲ್ಲಿ ಮೊಬೈಲಿನಲ್ಲಿ ಹವಾಮಾನ ನೋಡುತ್ತಿದ್ದ.

"ಅಪ್ಪಾ, ಬಾವಿ ದಂಡಿ ಹಳೇ ನಿಂಬಿ ಗಿಡಕ್ಕ ಇನ್ನ ಎಣ್ಣಿ ಹೊಡಿಬ್ಯಾಡ."

"ಯಾಕವಾ? ಹುಳಾ ಬಂದು ನಿನಗ ಅರ್ಜಿ ಕೊಟ್ಟಾವೇನ?"

ಅವ್ವ ನಕ್ಕಳು. ಅನುರಾಧಾ ನಗಲಿಲ್ಲ. ಭರಣಿಯ ಕತೆಯನ್ನೆಲ್ಲ ಹೇಳಿದಳು.

"ಹುಳಾ ಬಿಟ್ಟರ ಎಲಿ ತಿಂತಾವ. ಎಲಿ ಹ್ವಾದ್ರ ಕಾಯಿ ಎಲ್ಲಿಂದ ಬರ್ಬೇಕು?" ಅಂದ ಅಪ್ಪ.

"ದೊಡ್ಡ ಗಿಡಾ ತಡಕೋತಾವಂತ. ಸಣ್ಣ ಸಸಿಗೆ ಅಷ್ಟ ತ್ರಾಸಂತ. ಟೀಚರ ಹೇಳ್ಯಾರ."

"ಮತ್ತ ಹೊಸಾ ಸಸಿ ಎಲ್ಲಿ ಹಚ್ಚೇನಿ? ಆ ಗಿಡದ ಮಗ್ಗಲಾಗ! ಅಲ್ಲಿ ಹುಳಾ ಬಿದ್ರ ಗತಿ ಏನು?"

ಅನುರಾಧಾ ಇದನ್ನು ಯೋಚಿಸಿರಲಿಲ್ಲ. ತಾಟಿನಲ್ಲಿದ್ದ ಬದನೆಕಾಯಿಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಸರಿಸಿದಳು.

"ಸಸಿ ನಾ ಕಾಯ್ತೇನಿ. ದಿನಾ ಮುಂಜಾನಿ ನೋಡಿ, ಹುಳಾ ಇದ್ರ ಆರಿಸಿ ದೊಡ್ಡ ಗಿಡಕ್ಕ ಬಿಡ್ತೇನಿ. ಸಸಿಗೂ ಎಣ್ಣಿ ಬ್ಯಾಡ."

ಅಪ್ಪ ಮೊಬೈಲು ಕೆಳಗಿಟ್ಟ. "ದಿನಾ?"

"ದಿನಾ."

"ಮಳಿ ಬಂದ್ರ?"

"ಬಂದ್ರೂ."

"ಆತು. ಆದ್ರ ಸಸಿ ಎಲಿ ಹರದದ್ದು ನನ್ನ ಕಣ್ಣಿಗೆ ಬಿತ್ತಂದ್ರ ಎಲ್ಲಾದಕ್ಕೂ ಹೊಡಿತೇನಿ. ಆಮ್ಯಾಲೆ ಅಳೂದ ಗಿಳೂದ ನಡಿಯೂದಿಲ್ಲ ಮತ್ತ."

ಅಜ್ಜ ಆ ಹೊತ್ತಿಗೆ ಮಠದ ಭಜನೆಗೆ ಹೋಗಿದ್ದ. ಈ ಮಾತುಕತೆ ಅವನ ಕಿವಿಗೆ ಬೀಳಲೇ ಇಲ್ಲ.

ಹಳೆಯ ಎಲೆಗಳಲ್ಲಿ ಎಣ್ಣೆ ಇರುತ್ತದೆ, ಹೊಸ ಚಿಗುರು ಬರುವ ತನಕ ತಡೆ ಎಂದರು ಟೀಚರು. ಅನುರಾಧಾ ತಡೆದಳು. ಮಳೆ ಬಿದ್ದಿತು. ಹಳೇ ಗಿಡ ತುದಿ ತುದಿಗೆ ಮೆತ್ತಗಿನ ಎಲೆ ಬಿಟ್ಟಿತು. ಒಂದು ಮುಂಜಾನೆ, ಕಪ್ಪು ರೆಕ್ಕೆಯ ತುಂಬ ಹಳದಿ ಚುಕ್ಕೆಯ ಚಿಟ್ಟೆಯೊಂದು ಗಿಡದ ಸುತ್ತ ಸುಳಿಯಿತು. ಒಂದೊಂದೇ ಚಿಗುರಿನ ಮೇಲೆ ಕೂತಂತೆ ಮಾಡಿ ಹಾರಿತು. ಅದು ಹೋದ ಮೇಲೆ ನೋಡಿದರೆ ಎಲೆಯ ಮೇಲೆ ಗಸಗಸೆಯ ಕಾಳಿನಷ್ಟು ಚಿಕ್ಕ ಮೊಟ್ಟೆ.

ಹುಳುಗಳು ಹೊರಬಂದಾಗ ನೋಡಲು ಹಕ್ಕಿಯ ಹಿಕ್ಕೆಯಂತೆ ಇದ್ದವು. ದೊಡ್ಡವಾದಂತೆ ಹಸಿರಾದವು. ಕೆಲವು ಸಸಿಗಳ ಮೇಲೂ ಇದ್ದವು. ಅನುರಾಧಾ ಹಲ್ಲುಜ್ಜುವ ಮೊದಲೇ ಬಂದು ಸಸಿಗಳ ಎಲೆ ಎಲೆ ತಿರುವಿ ನೋಡುತ್ತಿದ್ದಳು. ಮಳೆಯಿದ್ದರೆ ಗೊಬ್ಬರದ ಖಾಲಿ ಚೀಲವನ್ನು ತಲೆಯ ಮೇಲೆ ಕೊಪ್ಪೆ ಹಾಕಿಕೊಳ್ಳುತ್ತಿದ್ದಳು. ಒಂದು ದಿನ ಜ್ವರ ಬಂದಾಗ ಅವ್ವ ಹೊರಗೆ ಬಿಡಲಿಲ್ಲ. ಆಗ ಅವ್ವನನ್ನೇ ಕಾಡಿ ಬೇಡಿ ಸಸಿಗಳ ಹತ್ತಿರ ಕಳಿಸಿದಳು.

ರವಿವಾರ ಸಮ್ಯಕ್ ಬಂದ. ಕರೆದಿರಲಿಲ್ಲ. ಸೈಕಲ್ಲು ಬೇಲಿಗೆ ಒರಗಿಸಿ, "ನಿಮ್ಮ ಹುಳಾ ಜೀವಂತ ಅದಾವೋ ಇಲ್ಲೋ ನೋಡಾಕ ಬಂದೇನಿ," ಅಂದ.

"ಮುಟ್ಟಿ ನೋಡು."

ಅವನು ಬೆರಳು ತಾಗಿಸಿದ್ದೇ ತಡ, ಹುಳು ತಲೆಯ ಮೇಲಿನಿಂದ ಕೆಂಪಗೆ ಎರಡು ಕೋಡು ಹೊರಗೆ ಚಾಚಿತು. ಗಪ್ಪನೆ ವಾಸನೆ ಬಡಿಯಿತು.

"ಯಪ್ಪಾ! ನಾಲಿಗಿ ತಗದೈತಿ! ಛೀ, ಏನ ನಾರತೈತಲೇ ಇದು!"

ಅನುರಾಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸಮ್ಯಕ್ ಬೆರಳು ಮೂಸಿ ಮುಖ ಸಿಂಡರಿಸಿದ, ಮತ್ತೆ ಮೂಸಿದ. ಆಮೇಲೆ ತಾನೇ ಒಂದು ಸಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಎಲೆ ತಿರುವತೊಡಗಿದ.

"ಹುಳಾ ಕೊಂದಾಕಿ ಅಂದಿದ್ದಿ," ಅಂದಳು ಅನುರಾಧಾ.

"ಅಂದಿದ್ದೆ. ಈಗ ಅನ್ನಾಕತ್ತಿಲ್ಲಲ್ಲ."

ಹುಳುಗಳು ಬೆರಳುದ್ದ ಬೆಳೆದು ದಪ್ಪಗಾದವು. ಹಳೇ ಗಿಡದ ಎಲೆಗಳು ಅರ್ಧಕ್ಕರ್ಧ ತೂತಾದವು. ಇನ್ನೇನು ಗೂಡು ಕಟ್ಟುತ್ತವೆ ಎಂದು ಅನುರಾಧಾ ತರಗತಿಯಲ್ಲಿ ಹೇಳಿದಳು. "ಭರಣಿ ಬ್ಯಾಡ್ರಿ ಟೀಚರ. ಎಲ್ಲಾರೂ ಗಿಡದ ಹಂತ್ಯಾಕ ಬರ್ರಿ."

"ಶನಿವಾರ ಸಾಲಿ ಬಿಟ್ಟ ಮ್ಯಾಲೆ ಹೋಗೂಣು," ಅಂದರು ಮೃಣಾಲ ಟೀಚರು. ತರಗತಿಯೆಲ್ಲ ಹೋ ಎಂದಿತು.

ಶುಕ್ರವಾರ ಸಂಜೆ ಅನುರಾಧಾ ಶಾಲೆಯಿಂದ ನೇರ ಬಾವಿಯ ಕಡೆ ಓಡಿದಳು. ದೂರದಿಂದಲೇ ಮೂಗಿಗೆ ಘಾಟು ಬಡಿಯಿತು. ದ್ರಾಕ್ಷಿ ಬಳ್ಳಿಗಳ ತುದಿ ಕತ್ತರಿಸುವ ಚಾಟ್ನಿ ಮುಗಿದು ಹೊಸ ಚಿಗುರು ಬಂದಿದ್ದವು. ಅವಕ್ಕೆ ಅಂದು ಮುಂಜಾನೆ ಎಣ್ಣೆ ಹೊಡೆಯುವುದಿತ್ತು, ಅದು ಅವಳಿಗೆ ಗೊತ್ತಿತ್ತು. ಆದರೆ ಘಾಟು ಬರುತ್ತಿದ್ದದ್ದು ಮೇಲಿನ ಹೊಲದಿಂದ ಅಲ್ಲ.

ಅಜ್ಜ ಮೂಗಿಗೆ ಟವೆಲ್ಲು ಕಟ್ಟಿಕೊಂಡು, ಬೆನ್ನಿಗೆ ಹಾಕುವ ಪಂಪನ್ನು ತೊಳೆಯುತ್ತಿದ್ದ. ಅವಳನ್ನು ಕಂಡು ಟವೆಲ್ಲು ಸರಿಸಿ ಬಾಯಿ ತುಂಬ ನಕ್ಕ.

"ಬಾ ಬಾ! ನಿನ್ನ ಗಿಡಾ ಉಳಿಸೇನಿ ನೋಡು."

ಅನುರಾಧಾಳ ಕಾಲು ಅಲ್ಲೇ ನಿಂತವು.

"ಎಲಿ ಎಲ್ಲಾ ಬೋಳಿಸಿ ಒಗದಿದ್ವು ಸುಡುಗಾಡ ಹುಳಾ. ದಿನಾ ಮುಂಜಾನಿ ಎದ್ದು ನೀ ಆ ಗಿಡದ ಮುಂದ ನಿಂದರತಿ, ಯಾರಿಗೂ ಕಾಳಜಿ ಇಲ್ಲ ಅನಿಸ್ತು. ದ್ರಾಕ್ಷಿಗೆ ಹೊಡದದ್ದು ಡ್ರಮ್ಮಿನ ತಳದಾಗ ಸ್ವಲ್ಪ ಉಳದಿತ್ತು. ಸುಮ್ನ ಯಾಕ ಚೆಲ್ಲೂದು? ತುಂಬಿ ಹೊಡದ ಬಿಟ್ಟೆ. ಇನ್ನ ಒಂದ ಹುಳಾ ಹಾಯೂದಿಲ್ಲ."

ಉಳಿದ ಎಣ್ಣೆಯನ್ನು ಅಜ್ಜ ಯಾವತ್ತೂ ಚೆಲ್ಲಿದವನಲ್ಲ. ಬದುವಿನ ಬೆಂಡೆಗೋ ಬದನೆಗೋ ಹೊಡೆದೇ ಪಂಪು ತೊಳೆಯುತ್ತಿದ್ದ.

ಗಿಡದ ಕೆಳಗೆ ಒದ್ದೆ ಮಣ್ಣಿನಲ್ಲಿ ಹುಳುಗಳು ಬಿದ್ದಿದ್ದವು. ಒಂದು ಇನ್ನೂ ಕೆಂಪು ಕೋಡು ಚಾಚಿಕೊಂಡೇ ಇತ್ತು. ಯಾರೋ ಮುಟ್ಟಿದರೆಂದು ಹೆದರಿಸಲು ಹೋದಂತೆ.

ಯಾಕ ಹೊಡದಿ ಎಂಬ ಕೂಗು ಅನುರಾಧಾಳ ಗಂಟಲಿಗೆ ಬಂದಿತ್ತು. ಬಾಯಿ ತೆರೆದು ಅಜ್ಜನ ಮುಖ ನೋಡಿದಳು. ಅವನು ಇನ್ನೂ ನಗುತ್ತಿದ್ದ. ಅವಳು ಏನನ್ನುತ್ತಾಳೋ ಎಂದು ಕಾಯುತ್ತಿದ್ದ. ಭರಣಿಗೆ ಎಲೆ ಹಾಕಿ ಟೀಚರ ಮುಖ ನೋಡುತ್ತ ನಿಂತಾಗ ತಾನೂ ಹೀಗೇ ನಗುತ್ತಿದ್ದಿರಬೇಕು.



"ಅಜ್ಜಾ," ಅಂದಳು ಮೆಲ್ಲಗೆ. "ಇವು ಪಾತರಗಿತ್ತಿ ಮರಿ. ನಾ ಸಾಕಿದ್ದೆ."

ಅಜ್ಜನ ಕೈಯಲ್ಲಿದ್ದ ಪಂಪಿನ ಕೊಳವೆಯಿಂದ ನೀರು ಸೋರುತ್ತಲೇ ಇತ್ತು. ಅವನು ಬಗ್ಗಿ ನೆಲ ನೋಡಿದ. ಗಿಡ ನೋಡಿದ. ಬಾವಿಯ ಕಟ್ಟೆಯ ಮೇಲೆ ಕುಳಿತ.

"ಸಾಕಿದ್ದೀ?"

"ಹೂಂ. ಅಪ್ಪಗ ಗೊತ್ತೈತಿ. ಅವ್ವಗ ಗೊತ್ತೈತಿ. ನಾಳೆ ಸಾಲಿ ಮಂದೆಲ್ಲಾ ನೋಡಾಕ ಬರಾವ್ರಿದ್ದಾರ."

"ನನಗ ಯಾರೂ ಹೇಳಲಿಲ್ಲಲ್ಲ ಯವ್ವಾ."

ಅದು ನಿಜವಾಗಿತ್ತು. ಟೀಚರಿಗೆ ಹೇಳಿದ್ದಳು, ಸಮ್ಯಕ್‌ಗೆ ಹೇಳಿದ್ದಳು, ಇಡೀ ತರಗತಿಗೆ ಹೇಳಿದ್ದಳು. ಪಂಪು ಹೊರುವ ಅಜ್ಜನಿಗೆ ಹೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

"ಒಂದರ ಉಳದಾವೇನ, ನೋಡು," ಅಂದ ಅಜ್ಜ. ಅವಳು ಕೈ ಹಿಂದೆ ಕಟ್ಟಿಕೊಂಡು ಗಿಡದ ಸುತ್ತ ನೋಡಿದಳು. ಅಜ್ಜನೂ ಕಣ್ಣು ಕಿರಿದು ಮಾಡಿ ನೋಡಿದ. ಒಂದೂ ಉಳಿದಿರಲಿಲ್ಲ. ಅನುರಾಧಾ ಕಣ್ಣನ್ನು ತೋಳಿಗೆ ಒರೆಸಿಕೊಂಡಳು.

ಮರುದಿನ ತರಗತಿಯಲ್ಲಿ ಟೀಚರು ಹಾಜರಿ ಮುಗಿಸುವ ಮೊದಲೇ ಅವಳು ಎದ್ದು ನಿಂತಳು. ನಡೆದದ್ದನ್ನೆಲ್ಲ ಹೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಅಯ್ಯೋ ಅಂದರು.

"ನಿಮ್ಮಜ್ಜಗ ಬೈದಿಯೇನ?" ಅಂತ ಕೇಳಿದ ಸಮ್ಯಕ್.

"ಇಲ್ಲ."

"ನಾನಾಗಿದ್ರ ಬೈತಿದ್ದೆ."

"ಅಂವಗ ಗೊತ್ತಿದ್ದಿಲ್ಲ," ಅಂದಳು ಅನುರಾಧಾ. ಟೀಚರ ಕಡೆ ತಿರುಗಿ, "ಮತ್ತ ಬೆಳಸ್ತೇನ್ರಿ ಟೀಚರ," ಅಂದಳು.

"ಚಳಿಗಾಲ ಬರಾಕತ್ತೈತಿ. ಚಿಟ್ಟಿ ಕಡಿಮಿ ಆಗ್ತಾವ."

"ಕಡಿಮಿ ಆದ್ರೂ ಒಂದ ಬಂದ್ರ ಸಾಕ್ರಿ."

ಅವಳು ಮನೆಗೆ ಬಂದಾಗ ಅಜ್ಜ ಆಗಲೇ ಕತ್ತರಿ ಹಿಡಿದು ಹಳೇ ಗಿಡದ ಹತ್ತಿರ ನಿಂತಿದ್ದ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡಿದ್ದ. ದ್ರಾಕ್ಷಿ ಬಳ್ಳಿಗೆ ಮಾಡುವಂತೆಯೇ ಕೊಂಬೆಗಳ ತುದಿಯನ್ನು ಕತ್ತರಿಸುತ್ತಿದ್ದ. ಕತ್ತರಿಸಿದ್ದನ್ನು ದೂರದ ಗುಂಡಿಯಲ್ಲಿ ಹೂಳಲು ಒಂದೆಡೆ ಒಟ್ಟಿದ್ದ.

"ಹಳೀ ಎಲಿ ತಗದ್ರ ಚಿಗುರು ಲಗೂನ ಬರ್ತೈತಿ," ಅಂದ. "ದೂರ ನಿಂದರ ನೀ. ಮುಟ್ಟಬ್ಯಾಡ. ನೀರಿನ ಪೈಪ್ ಅಷ್ಟ ಈ ಕಡೆ ತಿರಗಿಸು."

ಅವಳು ತಿರುಗಿಸಿದಳು. ಗಿಡ ಕ್ಷೌರ ಮಾಡಿಸಿಕೊಂಡವರಂತೆ ಕಂಡಿತು. ಅಂದಿನಿಂದ ದಿನವೂ ನೀರು ಬಿಟ್ಟರು. ಬಹಳ ದಿನ ಏನೂ ಕಾಣಲಿಲ್ಲ. ಸಮ್ಯಕ್ ಬಂದು, "ಇದು ಬರೇ ಕಟಿಗಿ ಐತಿ," ಎಂದು ಹೇಳಿ ಹೋದ. ಅನುರಾಧಾ ದಿನವೂ ಬಂದು ನೋಡಿದಳು.

ತಂಪು ಬಿದ್ದ ಮೇಲೆ ಚಿಗುರು ಬಂತು. ಬಿಸಿಲೇರಿದ ಒಂದು ಮಧ್ಯಾಹ್ನ ಚಿಟ್ಟೆಯೂ ಬಂತು. ಎಲ್ಲಿಂದ ಬಂತೋ ಯಾರಿಗೂ ತಿಳಿಯಲಿಲ್ಲ. ಅನುರಾಧಾ ಓಡಿ ಹೋಗಿ ಅಜ್ಜನನ್ನು ಕರೆತಂದಳು. ಇಬ್ಬರೂ ಉಸಿರು ಬಿಗಿಹಿಡಿದು ನಿಂತರು. ಅದು ಹೋದ ಮೇಲೆ ಅಜ್ಜ ಕನ್ನಡಕ ಹಾಕಿಕೊಂಡು ಎಲೆಯ ಮೇಲಿನ ಚುಕ್ಕೆಯನ್ನು ಬಹಳ ಹೊತ್ತು ನೋಡಿದ.

"ಇಷ್ಟ ಸಣ್ಣದು!" ಅಂದ.

ಮುಂದಿನ ರವಿವಾರ ಬೆಳಿಗ್ಗೆ ಮೇಲಿನ ಹೊಲಕ್ಕೆ ಬೀರಣ್ಣ ಟ್ರ್ಯಾಕ್ಟರು ತಂದ. ಅವನು ಬ್ಲೋವರಿನಿಂದ ಊರಿನವರ ದ್ರಾಕ್ಷಿಗೆಲ್ಲ ಎಣ್ಣೆ ಹೊಡೆಯುವವನು. ಡ್ರಮ್ಮು ತುಂಬಿತ್ತು. ಅಪ್ಪ ಕೈ ಎತ್ತಿ ಶುರು ಮಾಡು ಎಂದು ಸನ್ನೆ ಮಾಡುವುದರಲ್ಲಿದ್ದ.

"ತಡಿಯೋ ಬೀರಣ್ಣಾ," ಎಂದು ಅಜ್ಜ ಟ್ರ್ಯಾಕ್ಟರಿನ ಮುಂದೆ ಬಂದು ನಿಂತ.

ಅವನು ಬಗ್ಗಿ ಒಣ ಮಣ್ಣು ಹಿಡಿ ತುಂಬ ತೆಗೆದುಕೊಂಡ. ಜೋಳ ತೂರುವಾಗ ಗಾಳಿ ನೋಡುವಂತೆ ತಲೆಯ ಎತ್ತರಕ್ಕೆ ಹಿಡಿದು ಮೆಲ್ಲಗೆ ಬಿಟ್ಟ. ಮಣ್ಣು ನೆಟ್ಟಗೆ ಬೀಳಲಿಲ್ಲ. ತೆಳ್ಳಗೆ ಹರಡಿ ಬಾವಿಯ ಕಡೆಗೆ ತೇಲಿ ಹೋಯಿತು.

"ಗಾಳಿ ನಿಂಬಿ ಗಿಡದ ಕಡೆ ಐತಿ. ಅಲ್ಲಿ ನಮ್ಮ ಹುಡುಗಿ ಹುಳಾ ಸಾಕ್ಯಾಳ. ಈಗ ಹೊಡಿಬ್ಯಾಡ."

"ಏನ್ರಿ ಅಜ್ಜಾರ," ಬೀರಣ್ಣ ನಕ್ಕ. "ಹುಳದ ಸಲುವಾಗಿ ಟ್ರ್ಯಾಕ್ಟರ ನಿಂದರಸ್ತೀರೇನ್ರಿ? ಊರಾಗ ಹೇಳಿದ್ರ ನಗತಾರ."

"ನಗಲಿ ಬಿಡು. ನೀನೂ ನಕ್ಕೋತ ಕೆಳಗ ಇಳಿ, ಚಹಾ ಬರ್ತೈತಿ."

"ಅಪ್ಪಾ, ಬೀರಣ್ಣ ಇನ್ನೊಬ್ಬರ ತ್ವಾಟಕ್ಕ ಹೋಗಬೇಕು," ಅಂದ ಸತೀಶಕುಮಾರ. "ತಡಾ ಆತಂದ್ರ ಬಿಸಿಲಾಗ್ತೈತಿ."

"ಗಾಳಿ ನಿಂದರಲಿ. ನಿಂತ ಮ್ಯಾಲೆ ಹೊಡಿ."

ಅಪ್ಪ ಅಜ್ಜನನ್ನು ನೋಡಿದ. ಬಾವಿಯ ಹತ್ತಿರ ನಿಂತಿದ್ದ ಅನುರಾಧಾಳನ್ನು ನೋಡಿದ. ಮೊಬೈಲು ತೆಗೆದು ಮತ್ತೆ ಕಿಸೆಗೆ ಹಾಕಿಕೊಂಡ. ಆಮೇಲೆ ಬೀರಣ್ಣನಿಗೆ ಇಳಿ ಎಂದು ಸನ್ನೆ ಮಾಡಿದ. ಎಂಜಿನ್ನು ಆರಿತು. ಒಮ್ಮೆಲೇ ಹೊಲವೆಲ್ಲ ಸದ್ದಿಲ್ಲದಂತಾಯಿತು.

ಹಳೇ ಗಿಡದ ಚಿಗುರಿನ ಮೇಲೆ ಈಗಷ್ಟೇ ಮೊಟ್ಟೆಯಿಂದ ಬಂದ ಹುಳು ದೊಡ್ಡದಾಗುವ ಹೊತ್ತಿಗೆ ದ್ರಾಕ್ಷಿಗೆ ಇನ್ನೂ ಎಷ್ಟೋ ಸಲ ಎಣ್ಣೆ ಬೀಳುತ್ತದೆ ಎಂದು ಅನುರಾಧಾಳಿಗೆ ಗೊತ್ತಿತ್ತು. ಪ್ರತಿ ಸಲವೂ ಯಾರಾದರೂ ಹೀಗೆ ಬಂದು ನಿಲ್ಲಬೇಕಾಗುತ್ತದೆ.

ಅಜ್ಜ ಬದುವಿನ ಮೇಲೆ ಟವೆಲ್ಲು ಹಾಸಿ ಕುಳಿತ. ಅವಳು ಹೋಗಿ ಅವನ ಪಕ್ಕದಲ್ಲಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ ಒಂದು ಹಿಡಿ ಮಣ್ಣು ತೆಗೆದಳು. ಕೈ ಎಷ್ಟು ಎತ್ತರಕ್ಕೆ ಹೋಗುತ್ತದೋ ಅಷ್ಟು ಎತ್ತಿ, ಅಜ್ಜ ಮಾಡಿದಂತೆಯೇ ಮೆಲ್ಲಗೆ ಬೆರಳು ಸಡಿಲಿಸಿದಳು.

ಮಣ್ಣು ವಾಲಿತು. ಮೊದಲಿನಷ್ಟು ಅಲ್ಲ, ಆದರೂ ವಾಲಿತು.

"ಇನ್ನೂ ನಿಂತಿಲ್ಲ ಅಜ್ಜಾ."

"ನಿಂದರತೈತಿ," ಅಂದ ಅಜ್ಜ.

ಅನುರಾಧಾ ಕೈ ಕೊಡವಲಿಲ್ಲ. ಮತ್ತೆ ಬಗ್ಗಿ ಇನ್ನೊಂದು ಹಿಡಿ ತುಂಬಿಕೊಂಡಳು.